ತೂಕದಷ್ಟು ಬೆಲ್ಲ

ಪಕ್ಕದಲ್ಲಿ ಯಾರೋ ಕೂತರು, ಕೂತೇಬಿಟ್ಟರು, ಸೀಟನ್ನೊಮ್ಮೆ ಅವನನ್ನೊಮ್ಮೆ ಅಳೆದು ನೋಡಿ ಮುಂದಿನ ಸೀಟಿಗೆ ಹೋಗಲಿಲ್ಲ, ವಸಿ ಜರುಗಿ ಅನ್ನಲೂ ಇಲ್ಲ, ಒಬ್ಬ ಹೆಂಗಸು, ಮಡಿಲಲ್ಲಿ ಬದನೆಕಾಯಿ ತುಂಬಿದ ಬ್ಯಾಗು, ಕೂತವಳು ಅವನಾಚೆಗಿನ ಕಿಟಕಿ ನೋಡುತ್ತಿದ್ದಾಳೆ, ನಡುವೆ ಒಬ್ಬ ಗಂಡಸು ಇದ್ದಾನೆ ಅನ್ನುವುದೇ ಅವಳ ಕಣ್ಣಿಗೆ ತಾಗಿಲ್ಲ — ನಿಂಗರಾಜು ತನ್ನ ತೊಡೆ ನೋಡಿಕೊಂಡ, ಎರಡು ತೊಡೆಯ ನಡುವೆ ಸೀಟಿನ ನೀಲಿ ರೆಕ್ಸಿನ್ ಕಾಣುತ್ತಿತ್ತು, ನಲವತ್ತಾರು ವರ್ಷಕ್ಕೆ ಮೊದಲ ಸಲ ತೊಡೆಗಳ ನಡುವೆ ಗಾಳಿ ಆಡುತ್ತಿದೆ, ಅದಕ್ಕೆ ಸಂತೋಷ ಪಡಬೇಕು ಅಂತ ಡಾಕ್ಟರು ಹೇಳಿದ್ದರು, ಸಂತೋಷ ಎಲ್ಲಿದೆ, ಚಳಿಯಾಗುತ್ತಿದೆ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಅವನು ಹೋಗಿದ್ದು ಒಂದು ಸಲವೇ ಎರಡು ಸಲವೇ, ಆಗೆಲ್ಲ ಮೂರು ಜನರ ಸೀಟಿನಲ್ಲಿ ಅವನೊಬ್ಬ, ಉಳಿದ ತುಂಡಿನಲ್ಲಿ ಧೈರ್ಯವಿದ್ದ ಇನ್ನೊಬ್ಬ, ಎರಡು ಟಿಕೆಟ್ ಹರೀಲಾ ಅಣ್ಣಾ ಅಂದ ಒಬ್ಬ ಕಂಡಕ್ಟರನ ಕೈಯಿಂದ ಟಿಕೆಟ್ ಮಿಷನ್ ಕಿತ್ತು ಕಿಟಕಿಯಾಚೆ ಹಿಡಿದು, ಇನ್ನೊಂದ್ಸಲ ಅನ್ಲಾ ನೋಡನ, ಅಂದಿದ್ದ, ಇಡೀ ಬಸ್ಸು ಗಪ್‌ಚುಪ್. ಆ ಸಿಟ್ಟಿನ ಹಿಂದೆ ನೂರ ನಲವತ್ತೆರಡು ಕೆಜಿ ನಿಂತಿತ್ತು. ಈಗ ಎಂಬತ್ತೊಂದು. ಸಿಟ್ಟು ಅಷ್ಟೇ ಇದೆ, ಒಂದು ಗ್ರಾಮೂ ಇಳಿದಿಲ್ಲ, ಆದರೆ ಈಗ ಸಿಟ್ಟು ಮಾಡಿಕೊಂಡರೆ ಜನ ಹೆದರುವುದಿಲ್ಲ, ಪಾಪ ಅನ್ನುತ್ತಾರೆ, ಕಾಯಿಲೆ ಮನುಷ್ಯ, ಹೋಗ್ಲಿ ಬುಡಿ ಅನ್ನುತ್ತಾರೆ.

ಫೋನು ಅಲುಗುತ್ತದೆ ಜೇಬಿನಲ್ಲಿ, ಅಕ್ಕ, ಬೆಳಿಗ್ಗೆಯಿಂದ ಇದು ನಾಲ್ಕನೆಯ ಸಲ, ಎಲ್ಲಿದ್ದೀಯ್ಲಾ ಕೂಸೆ, ತೆರಕಣಾಂಬಿ ದಾಟ್ತಾ? ಇನ್ನೂ ಇಲ್ಲ ಕಣಕ್ಕ. ಬೇಗ್ನೆ ಬಾ, ಹತ್ತು ಗಂಟೆ ಒಳಗೆ ತೂಗ್ಬುಡಬೇಕಂತೆ, ಗುರುಮಲ್ಲಯ್ಯನೋರು ಏಳವ್ರೆ, ಆಮ್ಯಾಕೆ ಗಳಿಗೆ ಚೆನ್ನಾಗಿಲ್ವಂತೆ, ಎಲ್ಲಾ ಮಡಗಿದ್ದೀನಿ, ತಕ್ಕಡಿನೂ ಬಂತು, ನೀನೊಬ್ನೇ ಬರಬೇಕು. ಅವನೊಬ್ಬನೇ ಬರಬೇಕು, ತಕ್ಕಡಿಯ ಒಂದು ಕಡೆ ಕೂರಬೇಕು, ಇನ್ನೊಂದು ಕಡೆ ಬೆಲ್ಲ. ನನ್ನ ತಮ್ಮ ಆಸ್ಪತ್ರೆಯಿಂದ ಜೀವಂತ ಎದ್ದು ಬಂದರೆ ಅವನ ತೂಕದಷ್ಟು ಬೆಲ್ಲ ನಿನ್ನ ಬಾಗಿಲಿಗೆ ಸುರಿಯುತ್ತೇನೆ ಅಂತ ಊರ ದೇವರು ಮಾದಪ್ಪನಿಗೆ ಹರಕೆ ಹೇಳಿಕೊಂಡಿದ್ದಾಳೆ ಚಿಕ್ಕಮಾದಮ್ಮ, ಮೈಸೂರಿನ ಆಸ್ಪತ್ರೆಯ ವರಾಂಡದಲ್ಲಿ ಕೂತು, ಕಾಲು ಚಾಚಿ, ಸೆರಗು ಬಾಯಿಗೆ ತುರುಕಿಕೊಂಡು. ಏನಾಯ್ತು ನನ್ ಕೂಸ್ಗೆ ಅಂತ ಕೇಳಿದಾಗ ಹೆಂಡತಿ ಭಾನು ಅವನ ಮುಖ ನೋಡಿದಳು, ಅವನು ಕಣ್ಣಿನಲ್ಲೇ ಗದರಿದ, ಭಾನು ತಲೆ ತಗ್ಗಿಸಿ ಹೇಳಿದಳು, ಹೊಟ್ಟೇಲಿ ಗಡ್ಡೆ ಇತ್ತು ಅತ್ತಿಗೆ, ತೆಗೆದವ್ರೆ. ಹೇಳಿಕೊಟ್ಟಿದ್ದು ಅವನೇ. ಹಿಂದಿನ ದಿನವೇ, ಹೆಂಡತಿಗೂ ಮಗಳು ಅನುಗೂ, ಒಂದೇ ಮಾತು ಹೇಳಬೇಕು, ಗಡ್ಡೆ, ಬೇರೆ ಬಾಯಿ ಬಿಟ್ಟರೆ ನೋಡಿ ಮತ್ತೆ. ಒಂದು ಸಣ್ಣ ಸುಳ್ಳು, ಒಂದು ವಾರ ನಡೆದರೆ ಸಾಕು ಅಂದುಕೊಂಡಿದ್ದ. ಅದು ಅಕ್ಕನ ಊರು ಮುಟ್ಟುವ ಹೊತ್ತಿಗೆ ಕ್ಯಾನ್ಸರ್ ಆಗಿತ್ತು, ತಿಂಗಳು ತಿಂಗಳಿಗೆ ಅವನು ಕರಗಿದ ಹಾಗೆ, ಚಾಮರಾಜನಗರದಲ್ಲಿ ಅವನನ್ನು ಕಂಡು ಬಂದವರ ಬಾಯಿಂದ ಊರಿನವರಿಗೆ ಸಾಕ್ಷಿಯೂ ಸಿಕ್ಕಿತು.

ಬಸ್ಸು ನಿಂತಿತು, ಹತ್ತಿದರು, ಇಳಿದರು, ಬದನೆಕಾಯಿಯ ಹೆಂಗಸು ನಿದ್ದೆ ಹೋಗಿ ಅವನ ಹೆಗಲಿಗೆ ತಲೆ ತಾಗಿಸಿ ತಟ್ಟನೆ ಎಚ್ಚೆತ್ತಳು, ಮೂಳೆ ಚುಚ್ಚಿರಬೇಕು, ಅವನ ಹೆಗಲಿಗೆ ಮೂಳೆ ಇದೆ ಅನ್ನುವುದೇ ಅವನಿಗೆ ಮೊನ್ನೆ ಮೊನ್ನೆ ಗೊತ್ತಾದದ್ದು. ಅಕ್ಕನಿಗೆ ಹೇಳಬಹುದಿತ್ತು. ಹೇಗೆ ಹೇಳುವುದು. ಉಮ್ಮತ್ತೂರಿನಲ್ಲಿ ಅವ್ವ ಸತ್ತಾಗ ಅವನಿಗೆ ಐದು, ಅಕ್ಕನಿಗೆ ಹದಿನೇಳು, ಮದುವೆಯಾಗಿ ಒಂದು ವರ್ಷ, ಅಪ್ಪ ಕೂಲಿಗೆ ಹೋದವನು ಎಲ್ಲಿ ಹೋದನೋ, ಅಕ್ಕ ಬಂದು ಅವನನ್ನು ಕಂಕುಳಲ್ಲಿ ಎತ್ತಿಕೊಂಡು ಎರಡು ಬಸ್ಸು ಬದಲಿಸಿ ಗಂಡನ ಮನೆಗೆ ತಂದಳು, ಅತ್ತೆ ಬಾಗಿಲಲ್ಲೇ ನಿಂತು ಕೇಳಿದಳು, ಇದ್ಯಾವುದಮ್ಮಿ ಇನ್ನೊಂದು ಬಾಯಿ. ಆ ಮನೆಯಲ್ಲಿ ಮುದ್ದೆ ಎಣಿಸಿ ತೊಳಸುತ್ತಿದ್ದರು, ಆಳಿಗೊಂದು, ಈ ಬಾಯಿಗೆ ಲೆಕ್ಕವಿಲ್ಲ, ಅಕ್ಕ ತನ್ನ ಮುದ್ದೆಯನ್ನು ಬಿಸಿಬಿಸಿ ಇರುವಾಗಲೇ ಸೆರಗಿನಲ್ಲಿ ಕಟ್ಟಿಕೊಂಡು ಕೊಟ್ಟಿಗೆಗೆ ಬರುತ್ತಿದ್ದಳು, ಹೊಟ್ಟೆಯ ಮೇಲೆ ಕೆಂಪಗೆ ಸುಟ್ಟ ಗುರುತು ಇರುತ್ತಿತ್ತು, ಉಣ್ಣು ಕಣ್ಲಾ, ಬಿರ್‍ರನೆ ಉಣ್ಣು, ಯಾರಾರ ಬಂದಾರು. ಅವನು ಅಗಿಯದೆ ನುಂಗುತ್ತಿದ್ದ, ನುಂಗಿದಷ್ಟೂ ಅಕ್ಕನ ಮುಖ ಬಿಚ್ಚಿಕೊಳ್ಳುತ್ತಿತ್ತು, ಅವಳಿಗೆ ಹಸಿವಿತ್ತು ಅನ್ನುವುದು ಐದು ವರ್ಷದವನಿಗೆ ಹೇಗೆ ಗೊತ್ತಾಗಬೇಕು, ಗೊತ್ತಾಗಿದ್ದು ಒಂದೇ, ತಾನು ಉಂಡರೆ ಅಕ್ಕ ನಗುತ್ತಾಳೆ. ಆಮೇಲೆ ಅತ್ತೆ ಸತ್ತಳು, ಅಕ್ಕನ ಕೈಗೆ ಒಲೆ ಬಂತು, ಅಲ್ಲಿಂದ ಶುರು, ಎರಡು, ಮೂರು, ಐದು ಮುದ್ದೆ, ಹಸಿವಿರಲಿ ಬಿಡಲಿ ಅವನು ಉಂಡ, ಅವಳು ನಕ್ಕಳು. ಅರಣ್ಯ ಇಲಾಖೆಯಲ್ಲಿ ವಾಚರ್ ಕೆಲಸ ಸಿಕ್ಕಿದಾಗ ಊರಿನವರೆದುರು ಅವನ ತೋಳು ಹಿಚುಕಿ ತೋರಿಸಿದಳು, ನೋಡಿ, ಇದೆಲ್ಲಾ ನನ್ ಕೈ ಮುದ್ದೆ ಕಣ್ರವ್ವ. ಮೂರು ವರ್ಷದ ಹಿಂದೆ ಹಬ್ಬಕ್ಕೆ ಹೋದಾಗ ಅರಿಶಿನ ತೂಗುವ ತಕ್ಕಡಿ ಮೇಲೆ ಅವನನ್ನು ಕೂರಿಸಿ ತಮಾಷೆಗೆ ತೂಗಿದರು, ನೂರ ನಲವತ್ತೆರಡು, ಎಲ್ಲರೂ ಬಿದ್ದು ಬಿದ್ದು ನಕ್ಕರು, ಅಕ್ಕ ಮಾತ್ರ ನಗಲಿಲ್ಲ, ದೃಷ್ಟಿಯಾದೀತು ಅಂತ ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಆ ಮೈ ಅವಳು ಬೆಳೆದ ಬೆಳೆ. ಅದನ್ನು ಕೊಯ್ಯಿಸಿ ಹಾಕಿದೆ, ನನಗೆ ಬೇಡವಾಗಿತ್ತು, ಅಂತ ಯಾವ ಬಾಯಿಂದ ಹೇಳುವುದು.

ಬೇಡವಾಗಿತ್ತು, ಅದೂ ನಿಜವೇ. ಬಂಡೀಪುರದ ಗೇಟಿನಲ್ಲಿ ಹತ್ತು ವರ್ಷ, ಕುರ್ಚಿಯಿಂದ ಏಳುವುದು ಹಗ್ಗ ಎಳೆಯುವುದು ಮತ್ತೆ ಕೂರುವುದು, ಕೇರಳದ ಲಾರಿಯವರು ತಡಿಯಾ ತಡಿಯಾ ಅನ್ನುತ್ತಿದ್ದರು, ಅದರ ಅರ್ಥ ದಡಿಯ ಅಂತ ಗೊತ್ತಾಗಲು ಅವನಿಗೆ ಒಂದು ವರ್ಷ ಬೇಕಾಯಿತು, ಗೊತ್ತಾದ ದಿನ ಒಬ್ಬನನ್ನು ಲಾರಿಯಿಂದ ಇಳಿಸಿ ಬಿಸಿಲಲ್ಲಿ ಅರ್ಧ ಗಂಟೆ ನಿಲ್ಲಿಸಿದ. ಒಂದು ಸಾಯಂಕಾಲ ಒಂಟಿ ಆನೆ ರಸ್ತೆಗೆ ಬಂತು, ಎಲ್ಲರೂ ಓಡಿದರು, ಅವನು ಓಡಲಾರದೆ ಶೆಡ್ಡಿನ ಗೋಡೆಗೆ ಬೆನ್ನು ಕೊಟ್ಟು ನಿಂತ, ಆನೆ ಸೊಂಡಿಲೆತ್ತಿ ಮೂಸಿ ತನ್ನ ದಾರಿ ಹಿಡಿಯಿತು, ಜೊತೆಯ ಗಾರ್ಡ್ ದಿಲೀಪ್ ಮರ ಇಳಿದು ಬಂದು, ನಮ್ಮ ಪೈಕಿನೇ ಒಂದು ಅನ್ಕೊಂಡು ಬುಟ್ಟೋಯ್ತು ಕಣ್ಲಾ ಅಂದ, ಎಲ್ಲರೂ ನಕ್ಕರು, ಅವನೂ ನಕ್ಕ, ಚಡ್ಡಿ ಒದ್ದೆಯಾಗಿದ್ದು ಯಾರಿಗೂ ಗೊತ್ತಾಗಲಿಲ್ಲ. ಆದರೆ ಕೊಯ್ಯಿಸಿಕೊಂಡಿದ್ದು ಅದಕ್ಕಲ್ಲ. ಫಾರೆಸ್ಟರ್ ಚಿಕ್ಕಮಲ್ಲಪ್ಪನ ತಂದೆಯ ಹೆಣ ಹೊತ್ತು ಹೋಗುವಾಗ ಹಿಂದಿನಿಂದ ಆಫೀಸಿನ ವೃಷಭೇಂದ್ರಪ್ಪನ ದನಿ ಕೇಳಿತು, ಈ ನಿಂಗರಾಜ ಓದ್ರೆ ನಾಕಾಳು ಸಾಲಲ್ಲ ಕಣ್ರಯ್ಯ, ಎಂಟಾಳು ಬೇಕು, ಇಲ್ದಿದ್ರೆ ಟ್ರ್ಯಾಕ್ಟರೇ ಸೈ. ಅವನು ತಿರುಗಿ ಆ ಮನುಷ್ಯನ ಅಂಗಿ ಹಿಡಿದ, ಮೂರು ಗುಂಡಿ ಕಿತ್ತು ಬಂದವು, ಹೆಣದ ಮುಂದೆ ಜಗಳ ಬೇಡ ಅಂತ ಬಿಡಿಸಿದರು. ಮನೆಗೆ ಬಂದು, ಅವನಿಗೆಂದೇ ವೆಲ್ಡಿಂಗ್ ಮಾಡಿಸಿದ ಕಬ್ಬಿಣದ ಕುರ್ಚಿಯಲ್ಲಿ ಕೂತು ಲೆಕ್ಕ ಹಾಕಿದ, ಎಂಟು ಹೆಗಲು ಯಾರು ಯಾರದು. ಅಕ್ಕನ ಮಗ ಮಾದೇಶ್ ಒಂದು. ದಿಲೀಪ್ ಎರಡು. ಭಾನುವಿನ ಅಣ್ಣ, ಬಂದರೆ, ಮೂರು. ಬಾಡಿಗೆ ಮನೆಯ ಓನರ್ ಗುರುಪಾದಸ್ವಾಮಿ, ಮನೆ ಖಾಲಿಯಾಗಲಿ ಅಂತಲಾದರೂ, ನಾಲ್ಕು. ಐದನೆಯ ಹೆಸರಿಗೆ ಕಾಫಿ ತಣ್ಣಗಾಗುವ ತನಕ ಕೂತಿದ್ದ, ಬರಲಿಲ್ಲ. ಎಂಟಾಳು ಸಿಗುವುದಿಲ್ಲ, ನಾಲ್ಕಾಳಿನ ಮೈ ಮಾಡಿಕೊಳ್ಳಬೇಕು, ಅಷ್ಟೇ, ಇದನ್ನು ಆಪರೇಷನ್‌ಗೆ ಕಾರಣ ಏನು ಅಂತ ಕೇಳಿದ ಡಾಕ್ಟರಿಗೆ ಹೇಳಲಾಗಲಿಲ್ಲ, ಶುಗರ್ ಸಾರ್ ಅಂದ, ಮಂಡಿ ನೋವು ಸಾರ್. ಡಾಕ್ಟರು ಕಾಗದದ ಮೇಲೆ ಹೊಟ್ಟೆ ಬರೆದರು, ನೀರು ತುಂಬಿದ ಚೀಲದ ಹಾಗೆ, ಉದ್ದಕ್ಕೆ ಒಂದು ಗೆರೆ ಎಳೆದರು, ಇಷ್ಟು ತೆಗೀತೀವಿ, ಇಷ್ಟು ಬಿಡ್ತೀವಿ, ಬಿಟ್ಟಿದ್ದು ಒಂದು ಬಾಳೆಹಣ್ಣಿನಷ್ಟು. ತೆಗೆದಿದ್ದನ್ನ ಏನ್ಮಾಡ್ತೀರಾ ಸಾರ್ ಅಂತ ಕೇಳಿದ. ಲ್ಯಾಬಿಗೆ ಕಳಿಸ್ತೀವಿ, ಯಾಕೆ? ಏನಿಲ್ಲ ಸಾರ್, ಸುಮ್ನೆ.

ತೆರಕಣಾಂಬಿ ದಾಟಿತು, ದೂರದಲ್ಲಿ ಗೋಪಾಲಸ್ವಾಮಿ ಬೆಟ್ಟದ ತಲೆ ಮೋಡದೊಳಗೆ, ಮೊದಲು ಈ ಜಾಗಕ್ಕೆ ಬಂದಾಗಲೇ ಹೊಟ್ಟೆ ಗುಡುಗುತ್ತಿತ್ತು, ಗುಂಡ್ಲುಪೇಟೆಯಲ್ಲಿ ಇಳಿದು ಮಲಯಾಳಿಯ ಹೋಟೆಲಿನಲ್ಲಿ ಆರು ಪರೋಟ, ಈಗ ಹೊಟ್ಟೆ ಸದ್ದೇ ಮಾಡುವುದಿಲ್ಲ, ಹಸಿವು ಅನ್ನುವುದು ಆ ತೆಗೆದ ತುಂಡಿನ ಜೊತೆ ಲ್ಯಾಬಿಗೆ ಹೋಯಿತು. ಮೊದಲ ಎರಡು ವಾರ ತಿಳಿ ಗಂಜಿ, ಆಮೇಲೆ ಮೂರು ಚಮಚ, ಒಂದು ಇಡ್ಲಿಗೆ ಅರ್ಧ ಗಂಟೆ, ಮಗುವಿನ ಬಟ್ಟಲು ಮಗುವಿನ ಚಮಚ, ಒಂದು ತುತ್ತು ಹೆಚ್ಚಾದರೆ ಎದೆಯಲ್ಲಿ ಕಲ್ಲು ಕೂತ ಹಾಗೆ, ಸಿಹಿ ತಿಂದರೆ ಬೆವರು, ಎದೆ ಡವಡವ, ಮಲಗಿಬಿಡಬೇಕು. ತಲೆಗೂದಲು ಉದುರಿತು. ಹೊಟ್ಟೆಯ ಚರ್ಮ ಖಾಲಿ ಗೋಣಿಯ ಹಾಗೆ ಜೋತು ಬಿದ್ದಿದೆ, ಸ್ನಾನ ಮಾಡುವಾಗ ಎತ್ತಿ ಒರೆಸಬೇಕು. ಆಫೀಸಿನಲ್ಲಿ ಹಾಜರಾತಿಗೆ ಫೋನಿಗೆ ಮುಖ ತೋರಿಸಿದರೆ ನೀವು ಯಾರೋ ಗೊತ್ತಿಲ್ಲ ಅನ್ನುತ್ತದೆ, ಮೂರು ಸಲ ಹಳೆಯ ಫೋಟೋ ತೆಗೆಸಿ ಹೊಸದು ಹಾಕಿಸಬೇಕಾಯಿತು, ತಿಂಗಳಾಗುವ ಹೊತ್ತಿಗೆ ಅದೂ ಹಳೆಯದು. ಚಹಾದ ಅಂಗಡಿಯವನು ಎಲ್ಲರಿಗೂ ಗಾಜಿನ ಲೋಟ ಕೊಟ್ಟು ಅವನಿಗೆ ಪೇಪರ್ ಕಪ್ಪು ಕೊಟ್ಟ, ಯಾಕ್ಲಾ ಇದು, ಏನಿಲ್ಲ ಅಣ್ಣ, ಬಿಸಿಯಾಗಿರ್ತದೆ ಅಂತ, ಬಿಸಿಯಲ್ಲ, ಆ ಕಾಯಿಲೆ ಅಂದುಕೊಂಡಿದ್ದಾನೆ, ಈ ಕಾಯಿಲೆ ಅಂದುಕೊಂಡಿದ್ದಾನೆ, ಟೀಯನ್ನು ಅವನ ಒಲೆಗೇ ಸುರಿದು ಬಂದ, ಅವತ್ತಿನಿಂದ ಆ ಕಡೆ ಹೋಗಿಲ್ಲ, ಯಾರೂ ಯಾಕೆ ಬರಲಿಲ್ಲ ಅಂತ ಕೇಳಿಲ್ಲ. ಮದುವೆ ಊಟಕ್ಕೆ ಕರೆಯುತ್ತಾರೆ, ಹೋಗುವುದಿಲ್ಲ, ನಿಂಗರಾಜಣ್ಣ ಕೂತ ಪಂಕ್ತಿಗೇ ಮೊದಲು ಬಡಿಸಿ ಅಂತ ಕೂಗುತ್ತಿದ್ದವರು ಈಗ ಎಲೆಯ ಮುಂದೆ ಅವನನ್ನು ನೋಡಿ ದನಿ ತಗ್ಗಿಸುತ್ತಾರೆ. ಭಾನು ಮನೆಯಲ್ಲಿ ಅವನ ಬಟ್ಟಲು ತುಂಬಿ ಇಟ್ಟು ಮಗಳ ಜೊತೆ ಉಣ್ಣಲು ಕೂರುತ್ತಾಳೆ. ಒಂದು ದಿನ ತಾನಾಗಿ ಹೇಳಿದಳು, ಮೊದ್ಲು ಉಪ್ಪಿಲ್ಲ ಉಳಿಯಿಲ್ಲ ಅಂತ ತಟ್ಟೆನಾದ್ರೂ ಎಸೀತಿದ್ರಿ. ಉಪ್ಪಿರಲಿಲ್ಲ ಅವತ್ತೂ. ಮೂರು ಚಮಚಕ್ಕೆ ಏನು ಜಗಳ ಆಡುವುದು.

ಗುಂಡ್ಲುಪೇಟೆ. ಮಾದೇಶ್ ಬೈಕ್ ತಂದಿದ್ದಾನೆ, ಬಸ್ ಸ್ಟ್ಯಾಂಡಿನ ಗೇಟಿನಲ್ಲಿ ನಿಂತು ಇಳಿಯುವವರನ್ನೆಲ್ಲ ನೋಡುತ್ತಿದ್ದಾನೆ, ಅವನನ್ನೂ ನೋಡಿದ, ಮುಂದಿನವರನ್ನು ನೋಡಿದ, ಯಾರ್ನ ಹುಡುಕ್ತೀಯ್ಲಾ, ಅಯ್ಯೋ ಮಾಮ, ತಬ್ಬಿಕೊಳ್ಳಲು ಬಂದವನು ಒಡೆದು ಹೋದೀತು ಅನ್ನುವ ಹಾಗೆ ಭುಜ ಮುಟ್ಟಿ ಬಿಟ್ಟ. ಹಿಂದೆ ಕೂತ. ಊರಿನ ಕಡೆ ತಿರುಗಿದ ಮೇಲೆ ಚೆಂಡುಹೂವಿನ ಹೊಲಗಳು ಎರಡೂ ಕಡೆ, ಕಣ್ಣು ಕುಕ್ಕುವ ಹಳದಿ, ಮಾದೇಶ್ ಒಂದು ಹಂಪ್ ದಾಟಿ ಕೇಳಿದ, ಮಾಮ, ಕೂತಿದ್ದೀಯಾ? ಇನ್ನೊಂದು ಹಂಪ್ ಆದ ಮೇಲೆ ಮತ್ತೆ, ಮಾಮ? ಇದ್ದೀನಿ ಕಣ್ಲಾ, ಇದ್ದೀನಿ, ನೆಟ್ಟಗೆ ಓಡ್ಸು. ಗಾಳಿಗೆ ಕಣ್ಣಲ್ಲಿ ನೀರು. ಅವ್ವ ಮೂರು ದಿವಸದಿಂದ ಉಪವಾಸ ಮಾಮ, ಮಾದೇಶ್ ಹೇಳುತ್ತಾನೆ, ಬೆಲ್ಲಕ್ಕೆ ಆಲೆಮನೆಗೆ ತಾನೇ ಹೋಗಿ ಕೂತು, ಮಣ್ಣು ಕಸ ಬೀಳದ ಹಂಗೆ ಉಂಡೆ ಕಟ್ಟಿಸ್ಕೊಂಡು ಬಂತು, ಒಂದೊಂದು ಕೆಜಿದು, ನೂರ ನಲವತ್ತೆರಡು. ಎಷ್ಟು? ನೂರ ನಲವತ್ತೆರಡು, ಆವತ್ತು ತೂಗಿದ್ವಲ್ಲ, ನಾನು ಹೇಳ್ದೆ, ಮಾಮ ಈಗ ಅಷ್ಟಿಲ್ಲ ಕಣವ್ವ ಅಂತ, ಕೇಳ್ಲಿಲ್ಲ, ಬಾಯ್ಮುಚ್ಚು, ನನ್ ತಮ್ಮನ ತೂಕ ನಂಗೊತ್ತಿಲ್ವಾ ಅಂತು.

ಈಗ ಹೇಳಬೇಕು, ಬೈಕ್ ಇಳಿದ ಕೂಡಲೇ, ತೂಗುವ ಮುಂಚೆ, ಅಕ್ಕನನ್ನು ಪಕ್ಕಕ್ಕೆ ಕರೆದು, ಹಿಂಗಿಂಗೆ, ಅಂತ — ಆದರೆ ಅಕ್ಕ ಎದುರಿಗೆ ಬಂದು ಎರಡು ಕೈಯಲ್ಲಿ ಅವನ ಮುಖ ಹಿಡಿದು ಕೆನ್ನೆ ಇದ್ದ ಜಾಗ ಸವರಿದಳು, ಏನೂ ಸಿಗದೆ ಇನ್ನೊಂದು ಸಲ ಸವರಿದಳು, ಕೈ ಹಿಡಿದು ಎಳೆದುಕೊಂಡು ಹೋದಳು. ಗುಡಿಯ ಮುಂದೆ ಬೇವಿನ ಮರ, ಕೊಂಬೆಗೆ ತಕ್ಕಡಿ, ಅರಿಶಿನ ಮಂಡಿಯ ಹಳೆಯ ಕಬ್ಬಿಣದ ತಕ್ಕಡಿ, ಸರಪಳಿಗೆ ಹೂ ಸುತ್ತಿದ್ದಾರೆ, ಒಂದು ತಟ್ಟೆಗೆ ಬಾಳೆಲೆ ಹಾಸಿ ಬೆಲ್ಲದ ಉಂಡೆಗಳನ್ನು ಗೋಪುರದ ಹಾಗೆ ಪೇರಿಸಿದ್ದಾರೆ, ನೊಣ ಬರದ ಹಾಗೆ ಒಬ್ಬ ಮುದುಕಿ ಬೇವಿನ ಸೊಪ್ಪು ಬೀಸುತ್ತಿದ್ದಾಳೆ. ಊರವರೆಲ್ಲ ಬಂದಿದ್ದಾರೆ, ಅವನನ್ನು ನೋಡಿ ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡರು. ಕೂತ್ಕೊಳಪ್ಪ ಅಂದರು ಗುರುಮಲ್ಲಯ್ಯ, ಗುಡಿ ಪೂಜೆ ಮಾಡುವ ಮುದುಕ, ಎರಡು ಕೈಯಲ್ಲಿ ಸರಪಳಿ ಹಿಡ್ಕೊ. ಖಾಲಿ ತಟ್ಟೆಯನ್ನು ನಾಲ್ಕು ಜನ ಕೆಳಕ್ಕೆ ಒತ್ತಿ ಹಿಡಿದರು, ಅವನು ಕಾಲು ಮಡಚಲಾಗದೆ ಕಾಲು ಇಳಿಬಿಟ್ಟು ಕೂತ, ಬಿಡ್ರಪ್ಪ ಅಂದರು, ಬಿಟ್ಟರು, ಮತ್ತು ಅವನು ಮೇಲೆ ಹೋದ. ಸರ್‍ರನೆ, ಕಸದ ಹಾಗೆ, ತಟ್ಟೆ ತೊನೆದಾಡಿತು, ಕೊಂಬೆಯ ಎಲೆ ತಲೆಗೆ ತಾಗಿತು, ಪಾದಗಳು ನೆಲದಿಂದ ಮೂರಡಿ ಮೇಲೆ ನೇತಾಡುತ್ತಿವೆ, ಅಕ್ಕ ಕಂಕುಳಿಂದ ಇಳಿಸಿದ ಮೇಲೆ ಯಾವತ್ತೂ ಯಾರೂ ಅವನನ್ನು ನೆಲದಿಂದ ಎತ್ತಿರಲಿಲ್ಲ, ಎದುರಿನ ತಟ್ಟೆ ಮಣ್ಣಿಗೆ ಕಚ್ಚಿಕೊಂಡು ಕೂತಿದೆ, ಯಾರೂ ನಗಲಿಲ್ಲ, ಯಾರಾದರೂ ನಕ್ಕಿದ್ದರೆ ಚೆನ್ನಾಗಿತ್ತು.

ಉಂಡೆ ತೆಗೀರವ್ವ, ಗುರುಮಲ್ಲಯ್ಯ ಮೆಲ್ಲಗೆ ಹೇಳಿದರು, ಸಮ ಆಗೋ ಗಂಟ ತೆಗೀರಿ, ದೇವ್ರಿಗೆ ಆಳಿನ ತೂಕ ಸಾಕು, ಮಿಕ್ಕಿದ್ದು ಮನೆಗೆ ತಕ್ಕೊಂಡೋಗಿ. ಮಾದೇಶ್ ಕೈ ಹಾಕಿದ, ಅಕ್ಕ ಅವನ ಕೈಗೆ ಹೊಡೆದಳು, ಮುಟ್ಬೇಡ, ನಾನು ಮಾತು ಕೊಟ್ಟಿರೋದು, ನಾನೇ ತೆಗೀತೀನಿ. ಒಂದು ಉಂಡೆ ಎತ್ತಿದಳು, ಎದೆಗೆ ಹಿಡಿದುಕೊಂಡಳು, ಇದು ಕಾಯ್ಲೆ ತಿಂದಿದ್ದು ಅಂದಳು, ಗೋಣಿಗೆ ಹಾಕಿದಳು. ಇನ್ನೊಂದು ಎತ್ತಿದಳು, ಇದೂ ಕಾಯ್ಲೆ ತಿಂದಿದ್ದು. ನನ್ ಕೂಸ್ನ ತಿಂದ ಮುಂಡೇದು, ಅದರ ಬಾಯ್ಗೆ ಮಣ್ಣು ಬೀಳ. ಇನ್ನೊಂದು. ನನ್ ಒಟ್ಟೆ ಉರಿಸ್ದಂಗೆ ಅದರ ಒಟ್ಟೆ ಉರೀಲಿ. ಇನ್ನೊಂದು. ನಾನು ಉಣ್ಣದೆ ಉಣ್ಸಿದ್ದು, ತಿನ್ನಕೆ ಅದ್ಯಾರು, ಅದ್ಕೇನು ಅಧಿಕಾರ, ಅದು ವಂಶ ಇಲ್ದಂಗೆ ಹೋಗ್ಲಿ. ಹೆಂಗಸರು ಮೂಗು ಒರೆಸಿಕೊಳ್ಳುತ್ತಿದ್ದಾರೆ, ತಟ್ಟೆ ಕದಲುತ್ತಿಲ್ಲ, ಒಟ್ಟು ಅರವತ್ತೊಂದು ತೆಗೆಯಬೇಕು, ಅರವತ್ತೊಂದು ಶಾಪ, ಎಲ್ಲವೂ ನೆಟ್ಟಗೆ ಇಲ್ಲಿಗೇ, ಈ ನೇತಾಡುವ ಮೈಗೇ, ಬೇರೆ ಯಾರಾದರೂ ಬೈದಿದ್ದರೆ ಇಳಿದು ಹೋಗಿ ಕತ್ತಿನ ಪಟ್ಟಿ ಹಿಡಿಯುತ್ತಿದ್ದ, ಸರಪಳಿ ಬಿಗಿ ಹಿಡಿದ, ಹೂ ಹಿಸುಕಿಹೋಯಿತು, ಸುಮ್ಮನಿರು ನಿಂಗರಾಜು, ಇನ್ನು ಅರ್ಧ ಗಂಟೆ, ಇಳಿದು ಪ್ರಸಾದ ತಗೊಂಡು ಬಸ್ ಹತ್ತು, ಅವಳಿಗೆ ಅವಳ ಕಾಯಿಲೆ ಇರಲಿ, ದೇವರು ಉಳಿಸಿದ ಅನ್ನುವ ಸಮಾಧಾನ ಇರಲಿ — ಹತ್ತೊಂಬತ್ತು, ಇಪ್ಪತ್ತು, ಅವಳ ಸೊಂಟ ಬಗ್ಗಿ ಏಳುವಾಗ ಪ್ರತಿ ಸಲ ಒಂದು ಸಣ್ಣ ಮುಲುಕು, ಐವತ್ತೆಂಟು ವರ್ಷದ ಹೆಂಗಸು, ಮೂರು ದಿನದ ಹಸಿವು, ಇವತ್ತೂ ಉಂಡಿಲ್ಲ ಅವಳು, ಇವತ್ತೂ ಅವನಿಗಾಗಿ, ಇಲ್ಲದ ಕಾಯಿಲೆಗಾಗಿ. ಇದು ಕಾಯ್ಲೆ ತಿಂದಿದ್ದು, ಅಂದಳು, ಉಂಡೆ ಎತ್ತಿಕೊಂಡು. ಇಲ್ಲ ಕಣಕ್ಕ, ಅಂದ. ಏನ್ಲಾ? ಕಾಯ್ಲೆ ಇರ್ನಿಲ್ಲ ಕಣಕ್ಕ, ಗಡ್ಡೆನೂ ಇರ್ನಿಲ್ಲ, ನಾನೇ ಏಳ್ಸಿದ ಸುಳ್ಳು ಅದು, ಒಟ್ಟೆ ಚೆನ್ನಾಗೇ ಇತ್ತು, ದಪ್ಪ ಇಳೀಲಿ ಅಂತ ನಾನೇ ಕುಯ್ಸಾಕ್ಬುಟ್ಟೆ, ಬಯ್ಯಂಗಿದ್ರೆ ನನ್ನ ಬಯ್ಯಿ. ಬೇವಿನ ಸೊಪ್ಪು ಬೀಸುತ್ತಿದ್ದ ಮುದುಕಿ ನಿಲ್ಲಿಸಿದಳು. ಗುರುಮಲ್ಲಯ್ಯ ಏನೋ ಅಂದರು, ಕೇಳಿಸಲಿಲ್ಲ. ಅಕ್ಕ ಬಯ್ಯುತ್ತಾಳೆ ಈಗ, ಉಂಡೆಯನ್ನು ಅವನ ಮುಖಕ್ಕೆ ಎಸೆಯುತ್ತಾಳೆ, ಎಸೆಯಲಿ, ಬಿಕ್ಕುತ್ತಾಳೆ, ತಟ್ಟೆಗೆ ವಾಪಸ್ ಇಡುತ್ತಾಳೆ, ಗೋಣಿಗೆ ಹಾಕುತ್ತಾಳೆ, ಏನಾದರೊಂದು ಮಾಡು ಅಕ್ಕ — ಅಕ್ಕ ಅವನ ಮುಖ ನೋಡಲಿಲ್ಲ, ಅವನ ಹೊಟ್ಟೆ ನೋಡುತ್ತಿದ್ದಾಳೆ, ಅಂಗಿ ಜೋತು ಬಿದ್ದ ಆ ಜಾಗ, ಕೈ ಮಾತ್ರ ಎತ್ತಿದಲ್ಲೇ ಇದೆ, ಕೈಯಲ್ಲಿ ಬೆಲ್ಲದ ಉಂಡೆ, ತಟ್ಟೆಗೂ ಗೋಣಿಗೂ ನಡುವೆ, ಅವನ ಪಾದಗಳ ಮಟ್ಟಕ್ಕೆ, ಬಿಸಿಲು ಏರುತ್ತಿದೆ, ಗಳಿಗೆ ಮೀರುತ್ತಿದೆ ಅನ್ನುತ್ತಿದ್ದಾರೆ ಯಾರೋ, ಕೈ ಕದಲುತ್ತಿಲ್ಲ, ಉಂಡೆಯ ಸುತ್ತ ಐದು ಬೆರಳು, ಬೆರಳ ಸಂದಿಗೆ ಬೆಲ್ಲ ಕರಗಿ ಇಳಿಯುತ್ತಿದೆ, ಅಕ್ಕನ ಕೈ, ಕೈಯಲ್ಲಿ ಉಂಡೆ, ಅಕ್ಕನ ಕೈ